ಮುಚ್ಚಿದ ಅಂಗಡಿಗೆ ಕೆಲಸದವರು

ದೊಡ್ಡಮ್ಮನನ್ನು ನೋಡಿಕೊಳ್ಳಲೆಂದು ನಾವು ಗೊತ್ತು ಮಾಡಿದ ಮೊದಲ ಆಯಾ ಎರಡನೆಯ ದಿನವೇ ದೊಡ್ಡಮ್ಮನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡಳು. ಅಂಗಡಿ ಮುಚ್ಚಿ ಆಗಲೇ ಆರು ವರ್ಷವಾಗಿತ್ತು.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲಿನ ಮಾತು. ರಾಮಕೃಷ್ಣನಗರದ ಮನೆಯಲ್ಲಿ ನಾವು ಮೂವರು. ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಸಂಜೆ ಐದಕ್ಕೆ. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ, ಮಧ್ಯಾಹ್ನ ಹೋದರೆ ಊರೆಲ್ಲ ಮಲಗಿದ ಮೇಲೆ ಬರುವವನು. ಮೂರನೆಯವಳು ನಮ್ಮಮ್ಮನ ಅಕ್ಕ. ಅಮ್ಮ ಬೇಗ ತೀರಿಕೊಂಡದ್ದರಿಂದ ನಮ್ಮಿಬ್ಬರನ್ನೂ ಸಾಕಿದವಳು ಅವಳೇ.

ದೇವರಾಜ ಮೊಹಲ್ಲಾದಲ್ಲಿ ಅವಳದು ಗ್ರಂಧಿಗೆ ಅಂಗಡಿ. ಪೂಜೆಯ ಸಾಮಾನು, ಬಾಣಂತಿ ಔಷಧಿಯ ನಾರುಬೇರು, ವಿಭೂತಿ ಗಟ್ಟಿ, ಸೀಗೆಕಾಯಿ, ಸಾಂಬ್ರಾಣಿ, ಎಲ್ಲ ಒಂದೇ ಸೂರಿನಡಿ. ದೊಡ್ಡಪ್ಪ ಹೋದ ಮೇಲೆ ಇಪ್ಪತ್ತು ಚಿಲ್ಲರೆ ವರ್ಷ ಒಬ್ಬಳೇ ನಡೆಸಿದಳು. ತೊಂಬತ್ತರ ದಶಕದಲ್ಲಿ ಕೆಲಸ ಹುಡುಕುತ್ತಿದ್ದ ನಾನು ಅಲ್ಲಿ ಸ್ಟೂಲಿನ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದೆ. ಹಳೇ ಪತ್ರಿಕೆಯ ಹಾಳೆಯನ್ನು ಕತ್ತರಿಯಿಲ್ಲದೆ ನಾಲ್ಕಾಗಿ ಹರಿದು, ಪುಡಿ ಸುರಿದು, ಎರಡು ಮಡಿಕೆ ಹಾಕಿ ಹೆಬ್ಬೆರಳ ಉಗುರಿನಿಂದ ಗೀರಿ, ಮೇಲಿಂದ ಇಳಿಬಿದ್ದ ದಾರವನ್ನು ಎರಡು ಸುತ್ತು ಸುತ್ತಿ ಪಟಕ್ಕನೆ ಕೀಳುವಳು. ಪೊಟ್ಟಣವನ್ನು ಗೋಡೆಗೆ ಎಸೆದರೂ ಬಿಚ್ಚುತ್ತಿರಲಿಲ್ಲ. ನನಗೆ ಕೆಲಸ ಸಿಕ್ಕಿದ ಮೇಲೆ ನಮ್ಮ ಪತ್ರಿಕೆಯ ಬಗ್ಗೆ ಅವಳು ಹೇಳಿದ ಅಭಿಪ್ರಾಯ ಒಂದೇ: ಕಾಗದ ಒಳ್ಳೇದು, ಪುಡಿ ಸೋರಲ್ಲ.

ಮಂಡಿನೋವು ತಡೆಯದೆ ಅಂಗಡಿ ಬಿಟ್ಟಳು. ಎರಡು ವರ್ಷಕ್ಕೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಅಕ್ಕನ ಹೆಸರು ಮರೆತಳು, ಕೊನೆಗೆ ಅಂಗಡಿ ಮುಚ್ಚಿದ್ದೇ ಮರೆತುಹೋಯಿತು. ಅಂಗಡಿ ಮಾತ್ರ ಉಳಿಯಿತು.

ಆದ್ದರಿಂದ ಮನೆಗೆ ಬಂದ ಹೆಂಗಸರೆಲ್ಲ ಕೆಲಸ ಕೇಳಿಕೊಂಡು ಬಂದವರೇ. ಮೊದಲ ಆಯಾ ಹಟ ಮಾಡದೆ ಪೊಟ್ಟಣ ಕಟ್ಟಲು ಕಲಿತಳು. ಆದರೆ ಹದಿನೈದೇ ದಿನಕ್ಕೆ ಬಿಟ್ಟಳು. ಬೈಗುಳ ಹೆಚ್ಚಾಯಿತು, ಜೊತೆಗೆ ಬೆರಳೆಲ್ಲ ಮಸಿ ಎಂದು ಕಾರಣ ಕೊಟ್ಟಳು. ಮಸಿ ನಮ್ಮ ಪತ್ರಿಕೆಯದು, ನಾನು ಕ್ಷಮೆ ಕೇಳಿದೆ. ಎರಡನೆಯವಳು ಶಿಸ್ತಿನ ನರ್ಸಮ್ಮ. ಅಂಗಡಿಯೂ ಇಲ್ಲ ಗಿಂಗಡಿಯೂ ಇಲ್ಲ ಎಂದು ದಿನಕ್ಕೆ ಹತ್ತು ಸಲ ನಿಜ ಹೇಳಿದಳು. ಹನ್ನೊಂದನೆಯ ಸಲ ಹೇಳಲು ಹುಡುಕಿದಾಗ ದೊಡ್ಡಮ್ಮ ಮನೆಯಲ್ಲಿರಲಿಲ್ಲ.

ಸಿಟಿ ಬಸ್ಸು ಹತ್ತಿ ಹೋಗಿದ್ದಳು. ಅದೇ ಹಳೇ ಅಂಗಡಿಯಲ್ಲಿ ಈಗ ಮೊಬೈಲಿಗೆ ಕರೆನ್ಸಿ ಹಾಕುತ್ತಿದ್ದರು. ಮಾಲೀಕ ಹಳೆಯ ಪರಿಚಯದವನು. ಕುರ್ಚಿ ಕೊಟ್ಟು, ಟೀ ತರಿಸಿ, ನಮ್ಮ ಕಚೇರಿಗೆ ಫೋನು ಮಾಡಿದ. ನಾನು ಓಡಿಹೋದಾಗ ದೊಡ್ಡಮ್ಮ ಗಲ್ಲಾದ ಪಕ್ಕ ಕೂತು ಅವನನ್ನು ವಿಚಾರಿಸಿಕೊಳ್ಳುತ್ತಿದ್ದಳು, ಹಿಪ್ಪಲಿ ಡಬ್ಬ ಎಲ್ಲಿಟ್ಟೆ ಎಂದು. ಅವನು ಕೈಕಟ್ಟಿ ನಿಂತು, ನಾಳೆ ತರಿಸ್ತೀನಿ ಅಮ್ಮಾವ್ರೇ, ಎನ್ನುತ್ತಿದ್ದ. ಮೂವರೂ ನಕ್ಕೆವು. ಆಟೊ ಹತ್ತಿದ ಮೇಲೆ ಮನೆ ಬರುವವರೆಗೂ ಅವಳ ಕೈ ಬಿಡಲಿಲ್ಲ. ಆ ರಸ್ತೆ ದಾಟುವುದು ನನಗೇ ಕಷ್ಟ.

ಅಂದು ಸಂಜೆ ಅಕ್ಕ ತೀರ್ಪು ಕೊಟ್ಟಳು. ಮಂಡಕಳ್ಳಿಗೆ ಹೋಗುವ ದಾರಿಯಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಮನೆ ಹೊಸದಾಗಿ ಶುರುವಾಗಿತ್ತು. ಹನ್ನೆರಡು ಜನ, ಹಗಲೂ ರಾತ್ರಿ ನೋಡುವವರು, ಬೀಗ ಹಾಕಿದ ಗೇಟು. ಒಂದು ಮಂಚ ಖಾಲಿಯಿದೆ, ಶುಕ್ರವಾರದವರೆಗೆ ಇಟ್ಟಿರುತ್ತಾರೆ. ಮನೆಯಲ್ಲೇ ಇನ್ನೊಬ್ಬ ಆಯಾ ನೋಡೋಣ ಎಂದು ನಾನು. ದೊಡ್ಡಮ್ಮನ ಮಂಚ, ದೇವರಗೂಡು, ಬೆಳಗಿನ ಲಿಂಗಪೂಜೆ ಇರುವುದು ಈ ಮನೆಯಲ್ಲಿ. ಇವನ್ನೂ ಕಿತ್ತುಕೊಂಡರೆ ಉಳಿದ ಅವಳೂ ಹೋಗುತ್ತಾಳೆ ಎಂಬುದು ನನ್ನ ಭಯ. ಇನ್ನೊಂದು ಸಲ ಬಸ್ಸು ಹತ್ತಿದರೆ ಇಳಿಯುವುದೆಲ್ಲಿ ಎಂಬುದು ಅಕ್ಕನ ಭಯ. ಎರಡೂ ಸರಿಯಾಗಿದ್ದವು. ಅದೇ ತೊಂದರೆಯಾಗಿದ್ದು.

“ನೀನು ಬರೀತೀಯ ಕಣೋ, ಬಾಗ್ಲು ಕಾಯೋಳು ನಾನು,” ಎಂದಳು ಅಕ್ಕ.

ಅವಳು ಹೇಳಿದ್ದು ನಿಜ. ಎರಡೂ ಕಡೆಯ ಮಾತು ಕೇಳದೆ ಸುದ್ದಿ ಬಿಡಬಾರದೆಂಬುದು ನಮ್ಮ ಡೆಸ್ಕಿನ ಕಟ್ಟಳೆ. ಅದರ ಪ್ರಕಾರ ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಮನೆ, ಬಲಕ್ಕೆ ಅಲ್ಲಿ ಎಂದು ಬರೆದಿದ್ದೆ. ಡಾಕ್ಟರನ್ನು ಕೇಳಿದೆ, ಬಿಟ್ಟುಹೋದ ಆಯಾಗಳನ್ನು ಕೇಳಿದೆ, ಎದುರುಮನೆಯವರನ್ನು ಕೇಳಿದೆ. ಕರೆನ್ಸಿ ಅಂಗಡಿಯವನ ಅಭಿಪ್ರಾಯವನ್ನೂ ಬರೆದುಕೊಂಡೆ. ದೊಡ್ಡಮ್ಮನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಬುಧವಾರದಿಂದ ಎರಡು ದಿನ ದೊಡ್ಡಮ್ಮ ಅಲ್ಲಿದ್ದು ನೋಡಲಿ. ಒಗ್ಗಿದರೆ ಶುಕ್ರವಾರ ಸೇರಿಸುವುದು, ಇಲ್ಲವಾದರೆ ಮನೆ. ಅಷ್ಟರೊಳಗೆ ಮೂರನೆಯ ಆಯಾ ಬಂದಿದ್ದಳು, ನರಸೀಪುರದ ಕಡೆಯವಳು, ನಗುಮುಖದವಳು. ಬಂದ ಮೂರನೇ ದಿನ ನನ್ನ ಹತ್ತಿರ ದೂರು ತಂದಳು.

“ಅಣ್ಣ, ಅಮ್ಮಾವ್ರು ನನ್ನ ಕೆಲಸದಿಂದ ತಗ್ದಾಕ್ಬುಟ್ರು.”

“ಯಾವಾಗ?”

“ಬೆಳಗ್ಗೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ. ಮಧ್ಯ ಸೇರಿಸ್ಕಂಡವ್ರೆ.”

ಸದ್ಯ ಕೆಲಸದಲ್ಲಿದ್ದೀಯೋ ಇಲ್ಲವೋ ಎಂದು ಕೇಳಿದೆ. ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಇದ್ದೀನಿ ಎಂದಳು.

ಮಂಡಕಳ್ಳಿ ದಾರಿಯ ಮನೆಯವರು ನಾಲ್ಕು ಹಾಳೆಯ ಅರ್ಜಿ ಕೊಟ್ಟಿದ್ದರು. ಮಂಗಳವಾರ ಅದನ್ನು ನಾನೇ ತುಂಬಿದೆ. ನನ್ನ ಹಾಗೆ ಚೊಕ್ಕವಾಗಿ ಅರ್ಜಿ ತುಂಬುವವರು ಊರಲ್ಲಿ ಇರಲಾರರೆಂಬ ಹೆಮ್ಮೆ ನನಗೆ. ಏಳುವ ಹೊತ್ತು, ಊಟ, ಔಷಧಿ, ಕಿವಿ, ಕಣ್ಣು, ಸಿಟ್ಟು ಬರುವ ಸಂದರ್ಭಗಳು, ಒಂದನ್ನೂ ಬಿಡಲಿಲ್ಲ. ಹವ್ಯಾಸಗಳು ಎಂಬಲ್ಲಿ ಸ್ವಲ್ಪ ಯೋಚಿಸಿ, ಇಲ್ಲ ಎಂದು ಬರೆದೆ. ಹಾಳೆಗಳನ್ನು ಫೈಲಿಗೆ ಸೇರಿಸಿ ಟೀಪಾಯಿಯ ಮೇಲೆ, ಹಳೇ ಪತ್ರಿಕೆಗಳ ಪಕ್ಕದಲ್ಲಿಟ್ಟೆ. ಈ ವಾಕ್ಯ ಬರೆಯುವಾಗ ನನಗೆ ಈಗಲೂ ನಗು ಬರುತ್ತದೆ.

ಬುಧವಾರ ಅಕ್ಕನಿಗೆ ರಜೆ ಹಾಕಲಾಗಲಿಲ್ಲ. ದೊಡ್ಡಮ್ಮ, ಆಯಾ, ನಾನು ಆಟೊದಲ್ಲಿ ಹೊರಟೆವು. ಎಲ್ಲಿಗೆ ಎಂದು ದೊಡ್ಡಮ್ಮ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಆಯಾ, ಅಂಗಡಿಗೆ ಕಣವ್ವ, ಎಂದುಬಿಟ್ಟಳು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಹಣೆಯ ವಿಭೂತಿ ಅಳಿಸಿದೆಯೇ ಎಂದು ಆಟೊದ ಕನ್ನಡಿಯಲ್ಲಿ ನೋಡಿಕೊಂಡು, ನೆಟ್ಟಗೆ ಕೂತಳು.

ಅಲ್ಲಿನ ಮೇಲ್ವಿಚಾರಕಿ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಅರ್ಜಿ ಕೇಳಿದರು. ಫೈಲು ತೆರೆದೆ. ಅರ್ಜಿಯ ಜಾಗದಲ್ಲಿ ನಮ್ಮ ಪತ್ರಿಕೆಯ ಹಳೆಯ ಕ್ರೀಡಾಪುಟ ಮಾತ್ರ ಇತ್ತು. ನಾನು ತಡಕಾಡುತ್ತಿರುವಾಗ ದೊಡ್ಡಮ್ಮ ತನ್ನ ಬಟ್ಟೆಚೀಲ ಬಿಚ್ಚಿ, ಮೇಜಿನ ಮೇಲೆ ಒಂದೊಂದಾಗಿ ಪೊಟ್ಟಣಗಳನ್ನು ಇಟ್ಟಳು. ಬಿಳಿ ಪೊಟ್ಟಣಗಳು. ದಾರ ಎರಡು ಸುತ್ತು.

“ತಗೊಳ್ಳಿ. ಇದರ ಪುಡಿ ಸೋರಲ್ಲ,” ಎಂದಳು.

ನನಗೆ ಅರ್ಥವಾಗುವ ಹೊತ್ತಿಗೆ ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೆಳಿಗ್ಗೆ ಅಮ್ಮಾವ್ರು ಬೆಳ್ಳನೆ ಕಾಗದ ಕೈಗೆತ್ತಿಕೊಂಡರೆಂದು ಇವಳು ಅಡುಗೆಮನೆಯಿಂದ ಸಾಮಾನು ಒದಗಿಸಿದ್ದಳಂತೆ. ಮೇಲ್ವಿಚಾರಕಿ ಒಂದು ಪೊಟ್ಟಣ ಬಿಚ್ಚಿದರು. ಮೆಂತ್ಯ. ಕಾಗದದ ಮೇಲೆ ನನ್ನ ಅಕ್ಷರದಲ್ಲಿ ಸಂಬಂಧಿಕರ ವಿಳಾಸ. ಇನ್ನೊಂದರಲ್ಲಿ ರವೆ, ಕಾಗದದ ಮೇಲೆ ಬೆಳಗಿನ ಮಾತ್ರೆಗಳ ಪಟ್ಟಿ. ಅವರು ಒಂದು ಸ್ಟೀಲಿನ ಬೇಸಿನ್ ತರಿಸಿ, ರವೆ, ಮೆಂತ್ಯ, ತೊಗರಿಬೇಳೆಯನ್ನೆಲ್ಲ ಅದಕ್ಕೆ ಸುರಿಯುತ್ತಾ, ಹದಿನಾರು ತುಂಡುಗಳನ್ನು ಮೇಜಿನ ಮೇಲೆ ಸವರಿ ಜೋಡಿಸಿದರು. ದೊಡ್ಡಮ್ಮ ಕಟ್ಟಿದ್ದನ್ನೆಲ್ಲ ಕಣ್ಣೆದುರೇ ಬಿಚ್ಚುವ ಈ ಗಿರಾಕಿಯನ್ನು ಅಸಮಾಧಾನದಿಂದ ನೋಡುತ್ತಿದ್ದಳು. ಕೊನೆಯ ಪೊಟ್ಟಣದ ದಾರ ಬಿಚ್ಚಲು ಮೇಲ್ವಿಚಾರಕಿಗೆ ಹಲ್ಲು ಬೇಕಾಯಿತು. ತುಂಡನ್ನು ಬೆಳಕಿಗೆ ಹಿಡಿದು ಓದಿದರು.

“ಹವ್ಯಾಸಗಳು: ಇಲ್ಲ. ಇದು ನೀವು ಬರೆದದ್ದಾ ಸಾರ್?”

ನಾನು ಹೌದೆಂದೆ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಬೇಸಿನ್ನನ್ನು ನೋಡಿದರು, ಆಮೇಲೆ ನಕ್ಕರು. ಮಾತು ಕಡಿಮೆಯವರ ನಗು ಅಷ್ಟು ದೊಡ್ಡದಿರುತ್ತದೆಂದು ಅಂದುಕೊಂಡಿರಲಿಲ್ಲ. ಆಯಾ ತಡೆದುಕೊಂಡಿದ್ದೂ ಹೊರಬಂತು. ನಾನೂ ಕುರ್ಚಿ ಹಿಡಿದುಕೊಂಡು ಕಣ್ಣೊರೆಸಿಕೊಂಡೆ. ದೊಡ್ಡಮ್ಮ ಮೂವರನ್ನೂ ಕೆಲಸದಿಂದ ತೆಗೆದಳು.

ಮಧ್ಯಾಹ್ನ ಅವಳನ್ನು ಅಲ್ಲಿ ಬಿಟ್ಟು, ಆಯಾಳನ್ನು ಮನೆಗೆ ಕಳಿಸಿ, ನಾನು ಕಚೇರಿಗೆ ಹೋದೆ. ಹೊರಡುವಾಗ ಹಜಾರದಲ್ಲಿ ಅವಳ ಸುತ್ತ ಐದಾರು ಜನ ಕೂತಿದ್ದರು, ನೆಲದ ಮೇಲೆ ಹಳೇ ಪತ್ರಿಕೆಯ ರಾಶಿ. ಒಬ್ಬ ಅಜ್ಜಿಯ ಮಡಿಕೆ ಸೊಟ್ಟಗಾಗಿದೆಯೆಂದು ದೊಡ್ಡಮ್ಮ ಕೈ ಹಿಡಿದು ತಿದ್ದುತ್ತಿದ್ದಳು. ಇವರನ್ನೆಲ್ಲ ಒಂದು ಕಡೆ ಕೂರಿಸಲು ತಿಂಗಳುಗಟ್ಟಲೆ ಹೆಣಗಿದ್ದೆ ಎಂದರು ಮೇಲ್ವಿಚಾರಕಿ. ನಾನು ನೋಟ್‌ಬುಕ್ಕಿನ ಬಲಗಡೆಯಲ್ಲಿ ಅದನ್ನು ಬರೆದುಕೊಂಡೆ. ಅಕ್ಕ ಗೆದ್ದಳೆಂದೇ ಅನ್ನಿಸಿತು.

ಸಂಜೆ ಐದೂವರೆಗೆ ಡೆಸ್ಕಿಗೆ ಫೋನು ಬಂತು. ಗಾಬರಿಯಾಗಬೇಡಿ, ಆದರೆ ಬನ್ನಿ, ಎಂದರು ಮೇಲ್ವಿಚಾರಕಿ. ಅವರ ಧ್ವನಿ ಅಳುವಿನದೋ ನಗುವಿನದೋ ಗೊತ್ತಾಗಲಿಲ್ಲ. ಅಕ್ಕನನ್ನು ಮನೆಯಿಂದ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ.

ಗೇಟಿನ ಒಳಗೆ ದೊಡ್ಡಮ್ಮ ನಿಂತಿದ್ದಳು, ಚೀಲ ತೋಳಿಗೆ ಹಾಕಿಕೊಂಡು. ಹಿಂದೆ ಬಾಗಿಲ ಹೊಸ್ತಿಲ ಮೇಲೆ ಒಂದು ಬಿಲ್ಲೆ ಕರ್ಪೂರ ಉರಿದು ಕಪ್ಪಾಗಿತ್ತು. ಅಂಗಡಿ ಬಾಗಿಲು ಹಾಕುವ ಮೊದಲು ದಿನವೂ ಅವಳು ಮಾಡುತ್ತಿದ್ದದ್ದು ಅದು. ಇಲ್ಲಿನ ದೇವರ ಕೋಣೆಯಿಂದ ಬಿಲ್ಲೆ ಕೇಳಿ ಪಡೆದಿದ್ದಳು. ಅಷ್ಟೇ ಆಗಿದ್ದರೆ ಮೇಲ್ವಿಚಾರಕಿ ಫೋನು ಮಾಡುತ್ತಿರಲಿಲ್ಲವೇನೋ. ದೊಡ್ಡಮ್ಮನ ಹಿಂದೆ ಇನ್ನೂ ನಾಲ್ವರು ಅಜ್ಜಿಯರು ಸಾಲಾಗಿ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ. ಕೊನೆಯವರ ಕೈಯಲ್ಲಿ ದಿಂಬಿನ ಕವರು.

ದೊಡ್ಡಮ್ಮ ಅಳುತ್ತಿರಲಿಲ್ಲ. ಬೇಜಾರೂ ಕಾಣಲಿಲ್ಲ. ಕೆಲಸ ಮುಗಿಸಿದವರ ದಣಿವು ಮಾತ್ರ. ಮೇಲ್ವಿಚಾರಕಿ ಅವಳಿಗೆ ಮಂಚ ತೋರಿಸಿ, ಇಲ್ಲೇ ಮಲಗಿ ಅಮ್ಮ ಎಂದಿದ್ದರಂತೆ. ಅದನ್ನೇ ಹಿಡಿದು ನನ್ನ ಮುಂದೆ ಫಿರ್ಯಾದು ಇಟ್ಟಳು.

“ನೀನೇ ಹೇಳಪ್ಪ. ಅಂಗಡೀಲಿ ಯಾರಾದ್ರೂ ಮಲಗ್ತಾರಾ? ಬಾಗ್ಲಾಕಿದ್ಮೇಲೆ ಮನೆಗೋಗ್ಬೇಕಲ್ವಾ?”

ನಾನು ಯಾರು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಗೊತ್ತಿತ್ತೋ ಇಲ್ಲವೋ. ವಾರವಿಡೀ ಊರನ್ನೆಲ್ಲ ಕೇಳಿದವನಿಗೆ ಅವಳು ಯಾರೂ ಕೇಳದೆಯೇ ಉತ್ತರ ಕೊಟ್ಟಿದ್ದಳು. ನಾನು ಅಕ್ಕನನ್ನು ನೋಡಿದೆ. ಗೇಟಿಗೆ ಬೀಗವಿರುವ ಮನೆಯೇ ಬೇಕೆಂದು ಪಟ್ಟು ಹಿಡಿದಿದ್ದವಳು ಅವಳು. ಅಕ್ಕ ಸಾಲಿನಲ್ಲಿದ್ದ ನಾಲ್ವರನ್ನೂ, ಕರ್ಪೂರದ ಕಪ್ಪನ್ನೂ ನೋಡಿ, ಮೇಲ್ವಿಚಾರಕಿಯ ಕಡೆ ತಿರುಗಿದಳು.

“ನಾಳೆ ಅಂಗಡಿ ಎಷ್ಟೊತ್ತಿಗೆ ತೆಗೀತೀರಿ ಮೇಡಂ?”

ಹಗಲು ಮಾತ್ರ ಬಂದುಹೋಗುವ ಪದ್ಧತಿ ನಮ್ಮಲ್ಲಿಲ್ಲ, ಮೇಲಿನವರನ್ನು ಕೇಳಬೇಕು, ಎಂದು ಅವರು ಶುರುಮಾಡಿದರು. ಅರ್ಧದಲ್ಲಿ ಹಜಾರದ ಕಡೆ ನೋಡಿದರು. ಅಲ್ಲಿ ಕಟ್ಟಿದ ಪೊಟ್ಟಣಗಳ ಗುಡ್ಡೆ ಇತ್ತು.

“ಒಂಬತ್ತೂವರೆಗೆ,” ಎಂದರು.

ಉಳಿದ ನಾಲ್ವರನ್ನು ಒಳಗೆ ಕರೆದುಕೊಂಡು ಹೋಗಲು ಸ್ವಲ್ಪ ಹೊತ್ತಾಯಿತು. ದೊಡ್ಡಮ್ಮನೇ ಅವರಿಗೆ, ನಾಳೆ ಬೇಗ ಬನ್ನಿ, ತಡ ಮಾಡಬೇಡಿ, ಎಂದು ತಾಕೀತು ಮಾಡಿದ ಮೇಲೆ ಹೊರಟರು. ಆಟೊದಲ್ಲಿ ಅಕ್ಕ ಅವಳ ಪಕ್ಕ ಕೂತಳು. ನಾನು ಸ್ಕೂಟರಿನಲ್ಲಿ ಹಿಂದೆ. ಅವರಿಬ್ಬರ ತಲೆಗಳು ನಗುತ್ತಾ ಒಂದಕ್ಕೊಂದು ತಾಗುವುದು ಹಿಂದಿನ ಕಿಂಡಿಯಿಂದ ಕಾಣುತ್ತಿತ್ತು. ಯಾತಕ್ಕೆ ನಕ್ಕರೆಂದು ಅಕ್ಕ ಇಂದಿಗೂ ಹೇಳಿಲ್ಲ.

ಮೇಲಿನವರು ಒಪ್ಪಿದರು. ಶುಕ್ರವಾರ ಹೊಸ ಅರ್ಜಿ ತುಂಬಿದೆ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ನಾನು ಹವ್ಯಾಸಗಳ ಮುಂದೆ ವ್ಯಾಪಾರ ಎಂದು ಬರೆದೆ. ಖಾಲಿ ಮಂಚಕ್ಕೆ ಬೇರೆ ಯಾರೋ ಬಂದರು. ಮೂರನೆಯ ಆಯಾ ಬೆಳಿಗ್ಗೆ ಆಟೊದಲ್ಲಿ ಜೊತೆಗೆ ಹೋಗಿ ಸಂಜೆ ಜೊತೆಗೆ ಬರುವಳು. ಸುಮಾರು ಎರಡು ವರ್ಷ ಹೀಗೆ ನಡೆಯಿತು. ಮುಂದೆ ದೊಡ್ಡಮ್ಮ ಹಾಸಿಗೆ ಹಿಡಿದದ್ದೂ ಹೋದದ್ದೂ ತನ್ನ ಮಂಚದ ಮೇಲೆಯೇ. ಆ ಎರಡು ವರ್ಷದಲ್ಲಿ ನಮ್ಮ ಕಚೇರಿಯ ರದ್ದಿ ಕಾಗದ ಒಂದು ಹಾಳೆಯೂ ಬೇರೆ ಕಡೆ ಹೋಗಲಿಲ್ಲ.

ನನ್ನ ವಾರದ ರಜೆಯ ದಿನ ಅವಳು ಬರುವುದನ್ನು ನೋಡಲೆಂದೇ ನಾನು ಜಗಲಿಯಲ್ಲಿ ಕೂತಿರುತ್ತಿದ್ದೆ. ಅಕ್ಕ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ಆಟೊ ನಿಲ್ಲುತ್ತಿತ್ತು. ಒಂದು ಸಂಜೆ ದೊಡ್ಡಮ್ಮ ಮೆಟ್ಟಿಲ ಮೇಲೆ ಅಕ್ಕನನ್ನು ತಡೆದು, ನೀನೆಲ್ಲಿಂದ ಬಂದೆ ಎಂದು ಕೇಳಿದಳು.

“ಇಸ್ಕೂಲಿಂದ, ದೊಡ್ಡಮ್ಮ.”

“ನಾನು ಅಂಗಡಿಯಿಂದ,” ಎಂದು ಮೆಟ್ಟಿಲ ಮೇಲೇ ಕೂತು ಕಾಲು ಚಾಚಿದಳು. “ಇಬ್ರಿಗೂ ಸುಸ್ತಾಗ್ಯದೆ.” ಆಮೇಲೆ ನನ್ನ ಕಡೆ ನೋಡಿ, “ಇವನು ಯಾರೋ ಸುಮ್ನೆ ಕೂತವ್ನೆ. ಕಾಫಿ ಮಾಡೋಕೆ ಹೇಳು,” ಎಂದಳು.

ನಾನು ಎದ್ದು ಒಳಗೆ ಹೋಗಿ ಹಾಲು ಕಾಯಲಿಟ್ಟೆ.