ನೀರು ಬಂತೆಂದು ಬೀಸಿದ ಬಟ್ಟೆ

ಶಹಾಬಾದಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮನೆ ವಾಡಿಯಲ್ಲಿ; ದಿನವೂ ರೈಲಿನಲ್ಲಿ ಓಡಾಟ. ಒಂದು ವರ್ಷ ಶಾಲೆಗೆ ಒಂದು ಡಬ್ಬಿ ಬಂತು. ಅದರಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಬೋರ್ಡುಗಳು, ಕಚ್ಚಿ ಹಿಡಿಯುವ ಕ್ಲಿಪ್ಪಿನ ವೈರುಗಳು, ಬ್ಯಾಟರಿ, ಒಂದೆರಡು ಪುಟ್ಟ ಮೋಟಾರು ಇದ್ದವು. ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಅದೇ ಪ್ರೋಗ್ರಾಮು. ಅದನ್ನು ಬೋರ್ಡಿಗೆ ಇಳಿಸಿದರೆ ಬೋರ್ಡು ಹೇಳಿದಂತೆ ಕೇಳುತ್ತದೆ. ಪ್ರೋಗ್ರಾಮಿಂಗ್ ನಾನೂ ಕಲಿತವಳಲ್ಲ. ಒಂಬತ್ತನೆಯ ತರಗತಿಯ ಹುಡುಗಿಯರ ಪಕ್ಕದಲ್ಲೇ ಕುಳಿತು ಕಲಿತೆ. ಬೋರ್ಡಿನ ಕೆಂಪು ದೀಪಗಳಲ್ಲಿ ಮೊದಲ ಸಲ ಒಂದು ನಕ್ಷತ್ರ ಮೂಡಿದಾಗ ಅವರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನೇ.

ಅವರಲ್ಲಿ ಒಬ್ಬಳು ಬಲು ಚುರುಕು. ಆದರೆ ಆಗಾಗ ಶಾಲೆ ತಪ್ಪಿಸುತ್ತಿದ್ದಳು. ಯಾಕೆಂದು ಕೇಳಿದೆ.

"ನಳದ ನೀರು ಬರೋ ದಿನ ಮನ್ಯಾಗ ಇರಬೇಕ್ರಿ ಟೀಚರ್. ಅವತ್ತು ಯಾವಾಗ ಬರ್ತಾವ ಗೊತ್ತಾಗಂಗಿಲ್ಲ. ಅಮ್ಮಿ ಕಲ್ಲು ಪಾಲಿಶಿಗೆ ಹೋಗ್ತಾಳ, ಅಬ್ಬಾ ಲಾರಿ ಮ್ಯಾಲ. ದಾದಿಗೆ ಕಿವಿ ಕೇಳಂಗಿಲ್ಲ."

ದಾದಿ ಎಂದರೆ ಅವಳ ಅಜ್ಜಿ. ಗಟ್ಟಿ ಮುದುಕಿ, ಡ್ರಮ್ಮು ತುಂಬುವುದು, ಪೈಪು ಎಳೆಯುವುದು ಎಲ್ಲವೂ ಆಗುತ್ತಿತ್ತು. ಆದರೆ ನಲ್ಲಿ ಹಿತ್ತಲಲ್ಲಿ, ಅವರು ಮುಂದಿನ ಕೋಣೆಯಲ್ಲಿ ತಲೆ ಬಗ್ಗಿಸಿ ಕೌದಿ ಹೊಲಿಯುತ್ತ ಕೂತಿರುವವರು. ನೀರು ಬಂದದ್ದೇ ತಿಳಿಯುತ್ತಿರಲಿಲ್ಲ.

"ಹಂಗಾದ್ರ ನೀರು ಬಂತು ಅಂತ ಹೇಳೋದೊಂದೇ ಕೆಲಸ, ಹೌದಿಲ್ಲ?" ಎಂದೆ.

ಅವಳು ನನ್ನನ್ನು ನೋಡಿದಳು, ಮೇಜಿನ ಮೇಲಿದ್ದ ಬೋರ್ಡನ್ನು ನೋಡಿದಳು. "ಇದು ಹೇಳ್ತದೇನ್ರಿ?"

ಮರುದಿನವೇ ಅವಳೂ ಇಬ್ಬರು ಗೆಳತಿಯರೂ ಕೆಲಸಕ್ಕೆ ಕೂತರು. ಎರಡು ಮೊಳೆಗಳ ನಡುವೆ ನೀರು ತುಂಬಿದರೆ ಕರೆಂಟು ದಾಟುತ್ತದೆ, ಬೋರ್ಡಿಗೆ ಗೊತ್ತಾಗುತ್ತದೆ, ಅದು ಕೂಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸ್ಟೀಲ್ ತಂಬಿಗೆಯಲ್ಲಿ ಮೊಳೆ ಇಟ್ಟೊಡನೆ, ನೀರು ಸುರಿಯುವ ಮೊದಲೇ ಅದು ಕೂಗತೊಡಗಿತು. ಪರದೆಯ ತುಂಡುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದರು. ಕಾರಣ ನನಗೆ ಗೊತ್ತಿತ್ತು. ಬಾಯಿ ಬಿಗಿಹಿಡಿದು ಕೂತೆ. ಕೊನೆಗೆ ಅವಳೇ ಬೇಸತ್ತು ಮೊಳೆಗಳನ್ನು ಮೇಲೆತ್ತಿದಳು. ಕೂಗು ನಿಂತಿತು.

"ತಂಬಿಗಿನೇ ಕರೆಂಟ್ ದಾಟಿಸಾಕತ್ತದ್ರಿ!" ಎಂದು ಕಿರುಚಿದಳು. ಒಬ್ಬಳು ಪ್ಲಾಸ್ಟಿಕ್ ಮಗ್ ತರಲು ಓಡಿದಳು.

ಇನ್ನು ಸದ್ದಿನ ಬದಲಿಗೆ ಬೇರೇನಾದರೂ ಬೇಕಿತ್ತು. ದೀಪ ತೀರ ಸಣ್ಣದು, ಹಗಲಲ್ಲಿ ಕಾಣದು. ಎಡಕ್ಕೂ ಬಲಕ್ಕೂ ತಿರುಗುವ ಮೋಟಾರಿಗೆ ಒಂದು ಕಡ್ಡಿ, ಕಡ್ಡಿಗೆ ಕೆಂಪು ಬಟ್ಟೆ ಕಟ್ಟೋಣ ಎಂದದ್ದೂ ಅವಳೇ.

ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆವು. "ಕುಂದ್ರಿ, ಚಾ ಕುಡೀರಿ" ಎಂದು ಉಪಚರಿಸುತ್ತಲೇ ದಾದಿ ಗೋಡೆಗುಂಟ ಹೋಗುತ್ತಿದ್ದ ವೈರನ್ನು ಅನುಮಾನದಿಂದ ನೋಡಿದರು. ಅವರು ಕೂರುವ ಜಾಗದ ಎದುರಿಗೇ ಮೋಟಾರು ಕೂರಿಸಿದೆವು. ಹುಡುಗಿ ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗಿಟ್ಟಿದ್ದ ಮಗ್ಗಿಗೆ ನೀರು ಸುರಿದಳು. ಇತ್ತ ಬಟ್ಟೆ ಸರ್ರನೆ ಬೀಸತೊಡಗಿತು.

"ಯಾ ಅಲ್ಲಾ! ಇದ್ಯಾಕ ಕೈ ಮಾಡಿ ಕರಿಯಾಕತ್ತದ?"

ಮೊಮ್ಮಗಳು ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು ತೋರಿಸಿದಳು. ದಾದಿ ಮಗ್ಗಿನ ನೀರು ಚೆಲ್ಲಿ ಒಳಗೆ ಬಂದು ನೋಡಿದರು, ಬಟ್ಟೆ ನಿಂತಿತ್ತು. ಮತ್ತೆ ತುಂಬಿಸಿ ಬಂದರು; ಬೀಸುತ್ತಿತ್ತು. ಆಮೇಲೆ ಆ ಮಗ್ಗಿನ ಹತ್ತಿರ ಅವರು ನಮ್ಮನ್ನು ಬಿಡಲೇ ಇಲ್ಲ.

ಮುಂದಿನ ಸಲ ನೀರು ಬರುವ ದಿನ ಹುಡುಗಿ ತರಗತಿಯಲ್ಲಿದ್ದಳು, ಕಣ್ಣು ಮಾತ್ರ ಕಿಟಕಿಯಾಚೆ. ಊಟದ ಬಿಡುವಿನಲ್ಲಿ ಮನೆಗೆ ಓಡಿ, ಏದುಸಿರು ಬಿಡುತ್ತ ವಾಪಸು ಬಂದಳು.

"ಡ್ರಮ್ ತುಂಬ್ಯಾವ್ರಿ! ದಾದಿ ಬಟ್ಟೀನೂ ಒಗದು ಹಾಕ್ಯಾಳ!"

ಪ್ರತಿ ಸಲ ಹೀಗೆ ಸಲೀಸಾಗಲಿಲ್ಲ. ಮೊಳೆ ತುಕ್ಕು ಹಿಡಿದವು, ಅವುಗಳ ಬದಲು ಎರಡು ಸ್ಟೀಲ್ ಚಮಚ ಹಾಕಿದರು. ಒಮ್ಮೆ ಬ್ಯಾಟರಿ ಸತ್ತು ನೀರೆಲ್ಲ ಚರಂಡಿಗೆ ಹರಿದುಹೋಯಿತು. ಆ ವಾರ ಪಕ್ಕದ ಮನೆಯಿಂದ ಹೊತ್ತು ತಂದರು. ಆದರೂ ಹುಡುಗಿ ಶಾಲೆ ತಪ್ಪಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ದಾದಿಯೇ ಶಾಲೆಗೆ ಬಂದರು. ಮೆಟ್ಟಿಲ ಮೇಲೆ ಕೂತು, ತಮಗೆ ಕೇಳದ್ದರಿಂದ ಊರಿಗೇ ಕೇಳುವಂತೆ ಹೇಳಿದರು: "ಮಂದಿ ಬಾಗಿಲ ಬಡದು ಬಡದು ಹೊಳ್ಳಿ ಹೋಗ್ತಾರ. ನನಗ ಮಂದಿ ಜೋಡಿ ಮಾತಾಡೋದಂದ್ರ ಭಾಳ ಖುಷಿ. ಅದಕ್ಕೂ ಒಂದು ಮಾಡಿಕೊಡ್ರಿ."

ಹುಡುಗಿಯರು ಆಗಲೇ ಡಬ್ಬಿ ತೆಗೆದಿದ್ದರು. ಒತ್ತಿದರೆ ಒಳಗೆ ಬಟ್ಟೆ ಬೀಸುವಂಥ ಬಟನ್ ಬಾಗಿಲಿಗೆ ಎಷ್ಟು ಎತ್ತರದಲ್ಲಿ ಹಾಕಬೇಕೆಂದು ಜಗಳ ಶುರುವಾಗಿತ್ತು. ಕೆಳಗೆ ಹಾಕಿದರೆ ಓಣಿಯ ಮಕ್ಕಳು ಸುಮ್ಮನಿರುವುದಿಲ್ಲ ಎಂದು ಒಬ್ಬಳು. ಅವರೂ ಮಂದಿನೇ ಅಲ್ಲೇನು ಎಂದು ಇನ್ನೊಬ್ಬಳು.