ನೋಡದೆ ಬಡಿಸಿದವರು

ಹಾವು ಮಣಿಕಟ್ಟಿಗೆ ಸುತ್ತಿಕೊಂಡಾಗ ಅಕ್ಕನ ಬಳೆಗಳು ಸದ್ದು ಮಾಡುತ್ತಿರಲಿಲ್ಲ. ಎಡಗೈಯಲ್ಲಿ ಐದು ಹಸಿರು ಗಾಜಿನ ಬಳೆ. ಅವುಗಳ ನಡುವೆ ಅದು ಕಿತ್ತಳೆ ಬಣ್ಣದ ಹಗ್ಗದಂತೆ ನುಸುಳಿ, ಒಂದೊಂದನ್ನೂ ಒತ್ತಿ ಹಿಡಿದು, ತಲೆಯನ್ನು ಅವರ ಅಂಗೈಯಲ್ಲಿಟ್ಟು ಸುಮ್ಮನಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ಅಕ್ಕ ಮನೆಯ ಯಾವ ಮೂಲೆಯಲ್ಲಿದ್ದಾರೆಂದು ಆ ಬಳೆಗಳೇ ಹೇಳುತ್ತಿದ್ದವು. ಗಂಡ ತೀರಿಕೊಂಡ ಮೇಲೂ ಅವರು ತೆಗೆದಿರಲಿಲ್ಲ. ಯಾರೋ ಕೇಳಿದ್ದಕ್ಕೆ, "ತೆಗೆದ್ರೆ ಈ ಮನೆಯಲ್ಲಿ ಮಾತಾಡ್ಲಿಕ್ಕೆ ಯಾರುಂಟು ಮಾರಾಯ್ತಿ?" ಎಂದಿದ್ದರಂತೆ.

ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ಅವರ ಮನೆಯ ಮಹಡಿಯ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು. ಅಕ್ಕ ಉಡುಪಿ ಕಡೆಯವರು, ಅರವತ್ತು ದಾಟಿದವರು, ಡಾಕ್ಟರೊಬ್ಬರ ಹೆಂಡತಿ. ಮೊದಲ ದಿನ ನಾನು ಆಂಟಿ ಎಂದಾಗ, "ಆಂಟಿ ಬೇಡ. ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟ ಹಾಗಾಗ್ತದೆ. ಅಕ್ಕ ಅಂದ್ರೆ ಸಾಕು" ಎಂದರು. ನಾನು ಮೈಸೂರಿನವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ.

ಆ ವರ್ಷ ಮಾರ್ಚ್‌ನಲ್ಲಿ ನನ್ನ ತಾಯಿ ಹೋದರು. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಳಿ ಬಂದ ಮೇಲೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಕ್ಕ ಸುಮ್ಮನೆ ಬಿಡುವವರಲ್ಲ. ಕೆಳಗೆ ಕರೆದು ಕೂರಿಸಿ, ಸೌಟು ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದರು.

"ಇನ್ನೊಂದು ಚೂರು. ಸಾರು ಹಾಕ್ಲಾ? ಎಂತ, ಗುಬ್ಬಿಯ ಹಾಗೆ ಹೆಕ್ಕುವುದು?"

"ಸಾಕು ಅಕ್ಕ, ನಿಜವಾಗ್ಲೂ ಸಾಕು."

"ಸಾಕು ಅಂದವರಿಗೇ ಬಡಿಸ್ಬೇಕು."

ಅವರು ಬೆಳೆದ ಮನೆಯಲ್ಲಿ ಉಪಚಾರವೆಂದರೆ ಅದೇ. ಉಣ್ಣುವವರ ಎದುರು ನಿಲ್ಲಬೇಕು, ಬೇಡವೆಂದರೂ ಬಡಿಸಬೇಕು. ನಾನು ನಾಲ್ಕು ತುತ್ತು ನುಂಗಿ ಮಹಡಿಗೆ ಹೋಗಿಬಿಡುತ್ತಿದ್ದೆ. ಜೂನ್ ಹೊತ್ತಿಗೆ ನನ್ನ ಬಟ್ಟೆಗಳೆಲ್ಲ ದೊಗಲೆಯಾಗಿದ್ದವು.

ವಿದ್ಯಾರ್ಥಿಗಳು ಮನೆ ಖಾಲಿ ಮಾಡುವ ವಾರ, ಪಕ್ಕದ ಮನೆಯ ಹುಡುಗಿ ಒಂದು ಗಾಜಿನ ಪೆಟ್ಟಿಗೆ ಹೊತ್ತು ಬಾಗಿಲು ತಟ್ಟಿದಳು. ಒಳಗೆ ಮೊಳದುದ್ದದ ಕಾರ್ನ್ ಸ್ನೇಕ್, ವಿಷವಿಲ್ಲದ ಸಾಕುಹಾವು. ಊರಿಗೆ ತಂದರೆ ಮನೆಯೊಳಗೆ ಬಿಡುವುದಿಲ್ಲವೆಂದು ಅವಳ ತಾಯಿ ಹೇಳಿದ್ದಳಂತೆ. ನಾನು ಮೆಟ್ಟಿಲ ಮೇಲೆ ನಿಂತು ಬೇಡ ಬೇಡವೆಂದು ಕೈಯಾಡಿಸಿದೆ. ಅಕ್ಕ ಆಗಲೇ ಎರಡೂ ಕೈ ಚಾಚಿದ್ದರು. ಅವರ ತವರಿನ ಹಿತ್ತಲಲ್ಲಿ ನಾಗಬನವಿತ್ತು. ಹೊಸಿಲಿಗೆ ಬಂದ ಹಾವನ್ನು ಆ ಮನೆಯವರು ಹೊಡೆದವರಲ್ಲ, ಬೈದವರೂ ಅಲ್ಲ.

"ಬಾಗಿಲಿಗೆ ಬಂದವರನ್ನು ಹಿಂದೆ ಕಳಿಸ್ಲಿಕ್ಕೆ ನಾನು ಯಾರು?" ಎಂದರು. ಅಂದಿನಿಂದ ಅದು ಹಾವಲ್ಲ, 'ಅವರು'.

ಹುಡುಗಿ ಐಸ್‌ಕ್ರೀಮ್ ಡಬ್ಬಿಯೊಂದನ್ನೂ ಕೊಟ್ಟು ಹೋಗಿದ್ದಳು. ತೆರೆದರೆ ಹೆಬ್ಬೆರಳಿನಷ್ಟಿದ್ದ ಇಲಿಮರಿಗಳು ಹಿಮಗಟ್ಟಿ ಮಲಗಿದ್ದವು. ಮೊಟ್ಟೆಯನ್ನೂ ಮುಟ್ಟದ ಅಕ್ಕ ಮುಚ್ಚಳ ಹಾಕಿ ಒಂದು ನಿಮಿಷ ಗೋಡೆಗೆ ಒರಗಿ ನಿಂತರು.

"ನೋಡು, ಇವರಿಗೆ ಗಣಪತಿಯ ವಾಹನವೇ ಆಗ್ಬೇಕಂತೆ."

ಕಾಯಿತುರಿ, ಕರಿಬೇವು ಫ್ರೀಜರಿನ ಮೇಲಿನ ಡ್ರಾಯರಿಗೆ ಹೋದವು. ಕೆಳಗಿನ ಡ್ರಾಯರು 'ಅವರದ್ದು' ಆಯಿತು.

ಆದರೂ ಮೊದಲ ಸಂಜೆ ಅವರು ಕೊಟ್ಟದ್ದು ಹಾಲನ್ನೇ. ಬೆಳ್ಳಿ ಬಟ್ಟಲಲ್ಲಿ ಚಿಟಿಕೆ ಅರಿಶಿನ ಹಾಕಿದ ಹಾಲು. ಎದುರಿಗೆ ದೀಪ. ಹಾವು ಬಟ್ಟಲನ್ನು ಮಗುಚಿ, ತಳಕ್ಕೆ ಹಾಸಿದ್ದ, ಈಗ ಒದ್ದೆಯಾದ ಕಾಗದದಡಿ ಹೋಗಿ ಅವಿತುಕೊಂಡಿತು. ಮಾರನೆಯ ದಿನದಿಂದ ಇಲಿಮರಿ. ಅಕ್ಕ ಅದನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು, "ಉಣ್ಣಿ ಸ್ವಾಮಿ, ಒಂದು ಚೂರು" ಎಂದು ಉಪಚಾರ ಮಾಡುತ್ತಿದ್ದರು. ಹಾವು ಮುಖ ತಿರುಗಿಸುತ್ತಿತ್ತು. ಅದು ಅವಿತುಕೊಳ್ಳಲೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಮರದ ತೊಗಟೆಯನ್ನು ಅಕ್ಕ ಅರ್ಧ ಗಂಟೆಗೊಮ್ಮೆ ಎತ್ತಿ ನೋಡುತ್ತಿದ್ದರು. ಹೀಗೆ ಮೂರು ವಾರ ಕಳೆಯಿತು. ಹಾವಿನ ಬೆನ್ನೆಲುಬು ಕಾಣತೊಡಗಿತು.

"ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡ್ಬೇಕು. ಇಲ್ಲಿ ಎಲ್ಲಿ ಮಾಡುವುದು? ಕೌನ್ಸಿಲಿನವರು ಕಸದ ಬಿನ್‌ಗೆ ಹಾಕು ಅಂತಾರೆ" ಎಂದರು ಒಂದು ದಿನ. ನಾನು ನಕ್ಕೆ. ಅವರು ನಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ನಂಬಿ ಬಂದ ಜೀವ ತಮ್ಮ ಮನೆಯಲ್ಲಿ ಹಸಿದು ಸಾಯುವುದನ್ನು ಅವರಿಂದ ತಾಳಲಾಗುತ್ತಿರಲಿಲ್ಲ.

ಮರುದಿನ ಬಸ್ಸು ಹತ್ತಿ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಬಂದರು. ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕುಳಿತರು.

"ಅಂಗಡಿಯವ ಎಂತ ಕೇಳಿದ ಗೊತ್ತುಂಟಾ? ದಿನಕ್ಕೆ ಎಷ್ಟು ಸಲ ನೋಡ್ತೀರಿ ಅಂತ. ಅರ್ಧ ಗಂಟೆಗೊಮ್ಮೆ ಅಂದೆ. ನಕ್ಕುಬಿಟ್ಟ."

"ಆಮೇಲೆ?"

"ಹೊಸ ಜಾಗ, ಮೊದಲೇ ಹೆದರಿಕೊಂಡಿರ್ತದೆ ಅಂದ. ಎಂಟು ದಿನ ಮುಟ್ಟಬೇಡಿ, ಪೆಟ್ಟಿಗೆಗೆ ಬಟ್ಟೆ ಮುಚ್ಚಿ. ಆಮೇಲೆ ಇಲಿ ಒಳಗಿಟ್ಟು ಅಲ್ಲಿಂದ ಹೋಗಿಬಿಡಿ. ನೀವು ನೋಡ್ತಾ ನಿಂತ್ರೆ ಅದು ಉಣ್ಣುವುದಿಲ್ಲ ಅಂದ."

ಅಷ್ಟು ಹೇಳಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು.

ಹಳೆಯ ಹತ್ತಿ ಸೀರೆಯ ತುಂಡೊಂದು ಪೆಟ್ಟಿಗೆಯನ್ನು ಮುಚ್ಚಿತು. ಅಂದು ಸಂಜೆ ಅಕ್ಕ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಬಳೆಯ ಸದ್ದು ಮೆಟ್ಟಿಲೇರಿ ಬಂತು, ನನ್ನ ಬಾಗಿಲ ಹೊರಗೆ ಏನನ್ನೋ ಇಟ್ಟ ಸದ್ದಾಯಿತು, ಬಳೆಗಳು ಒಂದೊಂದೇ ಮೆಟ್ಟಿಲಿಳಿದು ದೂರವಾದವು. ಬಾಗಿಲು ತೆರೆದರೆ ತಟ್ಟೆಯ ಮೇಲೆ ತಟ್ಟೆ ಮುಚ್ಚಿತ್ತು. ಒಳಗೆ ಗಂಜಿ, ಮಾವಿನ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಕಿಟಕಿಯ ಬೆಳಕಲ್ಲಿ ನೆಲದ ಮೇಲೆ ಕುಳಿತೆ. ಉಣ್ಣುತ್ತ ಅತ್ತೆ, ಅಳುತ್ತ ಉಂಡೆ. ಯಾರೂ ನೋಡಲಿಲ್ಲ. ಖಾಲಿ ತಟ್ಟೆಯನ್ನು ಹೊರಗಿಟ್ಟೆ. ಮರುದಿನವೂ ಹಾಗೆಯೇ.

ಎಂಟನೆಯ ಸಂಜೆ ಅಕ್ಕ ಇಲಿಮರಿಯನ್ನು ಒಳಗಿಟ್ಟು, ಸೀರೆ ಮುಚ್ಚಿ, ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಒಂಬತ್ತು ಗಂಟೆಯಾದರೂ ಬೆಳಕು ಹೋಗಿರಲಿಲ್ಲ. ಇಟ್ಟಿಗೆಯ ಗೋಡೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತೇಲುತ್ತಿರುವಂತಿದ್ದವು. ಎಲ್ಲೋ ರೈಲೊಂದು ಹಾದುಹೋಯಿತು. ಅದು ಹೋದ ಮೇಲೂ ಬಹಳ ಹೊತ್ತು ಹೋಗುತ್ತಲೇ ಇದ್ದಂತಿತ್ತು.

"ತಿರುಗಿ ನೋಡ್ಬೇಡ" ಎಂದು ಪಿಸುಗುಟ್ಟಿದರು. ಸ್ವಲ್ಪ ತಡೆದು, "ಎದುರು ನಿಂತು ನಿಂತು ನಿನ್ನ ಹಸಿವನ್ನೂ ನಾನೇ ಹೆದರಿಸಿ ಓಡಿಸಿದೆ ಅಲ್ವಾ?" ಎಂದರು.

ನಾನು ಅವರ ಭುಜಕ್ಕೆ ತಲೆಯಿಟ್ಟೆ.

ಒಳಗೆ ಹೋಗಿ ಸೀರೆಯ ಅಂಚನ್ನು ಎತ್ತಿದರೆ ಇಲಿಯಿರಲಿಲ್ಲ. ಹಾವಿನ ನಡುವಿನಲ್ಲಿ ಪುಟ್ಟ ಉಬ್ಬು. "ಉಂಡರು! ಉಂಡರು!" ಎಂದು ಪಿಸುಗುಟ್ಟುತ್ತ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಕುಣಿದರು. ಬಳೆಗಳು ಮಾತ್ರ ಪಿಸುಗುಟ್ಟಲಿಲ್ಲ.

ನಾನು ಕೆಲಸ ಬದಲಿಸಿ ಲೀಡ್ಸ್‌ನ ಹೆಡಿಂಗ್ಲೀಗೆ ಬಂದು ವರ್ಷಗಳಾದವು. ಅಕ್ಕ ಕಳೆದ ನವೆಂಬರ್‌ನಲ್ಲಿ ಹೋದರು. ನಿದ್ದೆಯಲ್ಲೇ ಹೋದರಂತೆ. ಮ್ಯಾಕಲ್ಸ್‌ಫೀಲ್ಡ್‌ನಲ್ಲಿರುವ ಅವರ ಮಗಳು ಗಾಜಿನ ಪೆಟ್ಟಿಗೆಯನ್ನು ಕಾರಿನಲ್ಲಿ ತಂದು ನನ್ನ ಮನೆಯ ಮುಂದಿನ ಕೋಣೆಯಲ್ಲಿಟ್ಟಳು. "ನಿಮಗೇ ಕೊಡ್ಬೇಕು ಅಂತ ಅಮ್ಮ ಬರೆದಿಟ್ಟಿದ್ರು" ಎಂದು ಒಂದು ಚೀಟಿ ಕೊಟ್ಟಳು. ಅಕ್ಕನ ದುಂಡನೆಯ ಅಕ್ಷರ: 'ಹೊಸ ಜಾಗ. ಎಂಟು ದಿನ ಅವರನ್ನು ಮುಟ್ಟಬೇಡ. ಇಟ್ಟು ಹೋಗಿಬಿಡು.' ಚೀಟಿಯ ಜೊತೆ ಅದೇ ಸೀರೆಯ ತುಂಡು, ಒಗೆದು ಮಡಿಸಿದ್ದು.

ಆ ಎಂಟು ದಿನ ಮುಚ್ಚಿದ ಪೆಟ್ಟಿಗೆಯಿದ್ದ ಮನೆಯಲ್ಲಿ ನಾನೂ ಚಹಾ, ಬ್ರೆಡ್ಡು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎಂಟನೆಯ ಸಂಜೆ ಇಲಿಯನ್ನು ಬೆಚ್ಚಗೆ ಮಾಡಿ ಒಳಗಿಟ್ಟು ಸೀರೆ ಹೊದಿಸಿದೆ. ನನ್ನ ಕೈಯಲ್ಲಿ ಬಳೆಯಿಲ್ಲ. ನಾನು ದೂರ ಹೋದೆನೆಂದು ಅದಕ್ಕೆ ತಿಳಿಯಲೆಂದು ಬೇಕೆಂದೇ ಹೆಜ್ಜೆ ಊರಿ ಊರಿ ಅಡುಗೆಮನೆಗೆ ನಡೆದೆ. ಗಂಜಿ ಮಾಡಿಕೊಂಡೆ. ತಟ್ಟೆಗೆ ಬಡಿಸಿಕೊಂಡು ಬಾಗಿಲಿಗೆ ಬೆನ್ನು ಹಾಕಿ ಕುಳಿತೆ.

ಆಮೇಲೆ ಹೋಗಿ ಸೀರೆಯ ಅಂಚನ್ನು ಎತ್ತಿ ನೋಡಿದೆ. ಇಲಿಯಿರಲಿಲ್ಲ. ಪಾತ್ರೆ ತೊಳೆಯಲೆಂದು ಅಡುಗೆಮನೆಗೆ ಹಿಂದಿರುಗಿ ಬಂದಾಗ ಕಂಡಿತು, ನನ್ನ ತಟ್ಟೆಯೂ ಖಾಲಿಯಾಗಿತ್ತು.