ಹಿಂಗೋಡೆಯಿಂದ ಕೇಳಿದ ಆಕಾಶದ ಬಾಜಾ

ಹೋದ ವಾರ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪ ತಿಕ್ಕುತ್ತಾ ಕೂತಿದ್ದೆ. ಕಮಲಾಪುರದಲ್ಲಿ ಮೈದುನನ ಮಗಳ ಮದುವೆ, ದೀಪ ತರುವ ಕೆಲಸ ನನಗೆ ಬಿದ್ದಿತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಈಗ ಹಿತ್ತಾಳೆ ಅಂತ ಉಳಿದಿರುವುದು ಅದೊಂದೇ, ಉಳಿದದ್ದೆಲ್ಲ ಸ್ಟೀಲು. ತಿಕ್ಕುತ್ತಿದ್ದಂತೆ ಆ ಹುಳಿ ಹುಳಿ ಲೋಹದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕೈ ಅಲ್ಲೇ ನಿಂತಿತು. ಶಹಾಬಜಾರದ ನಮ್ಮ ಹಳೆಯ ಗಲ್ಲಿ, ಎದುರು ಮನೆಯ ಕಟ್ಟೆ, ಕಟ್ಟೆಯ ಮೇಲೆ ಲುಂಗಿ ಮೇಲೆತ್ತಿ ಕೂತು ಟ್ರಂಪೆಟ್ಟಿಗೆ ಹುಣಸೆಹಣ್ಣು ಉಜ್ಜುತ್ತಿದ್ದ ಬ್ಯಾಂಡ್ ಚಾಚಾ…

ಚಾಚಾ ಮದುವೆ ಬ್ಯಾಂಡಿನ ಮಾಸ್ತರು. ಆ ಹುಣಸೆಹಣ್ಣು ಬಹಳ ಸಲ ನಮ್ಮ ಮನೆಯದೇ ಆಗಿರುತ್ತಿತ್ತು. ಅವ್ವ ಕೊಡುವಾಗ ಸುಮ್ಮನೆ ಕೊಡುತ್ತಿರಲಿಲ್ಲ. "ನಮ್ಮ ಸಾರಿಗಿಂತ ನಿಮ್ಮ ಬಾಜಾಕ್ಕೇ ಹೆಚ್ಚು ಹೋಗ್ತದ ನೋಡ್ರಿ ಮಾಸ್ತರ್ರ" ಅನ್ನುತ್ತಿದ್ದಳು. "ಸಾರು ಮನಿಮಂದಿಗಿ ಅಷ್ಟೇ ರೀ ವೈನಿ, ಬಾಜಾ ಇಡೀ ಊರಿಗಿ" ಎಂದು ಅವರು ಕೈಚಾಚುತ್ತಿದ್ದರು. ಕಮಲಾಪುರದ ಕಡೆ ಮದುವೆಗೆ ಹೋಗಿ ಬಂದಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ನಮ್ಮ ಮನೆಗೆ ಬರುತ್ತಿತ್ತು. ಅಲ್ಲಿಗೆ ಲೆಕ್ಕ ಸರಿಹೋಯಿತು ಅಂತ ಇಬ್ಬರೂ ತಿಳಿದುಕೊಂಡಿದ್ದರು.

ಚಾಚಾ ಸಿನಿಮಾ ನೋಡುವವರಲ್ಲ, ಕೇಳುವವರು. ನಮ್ಮ ಗಲ್ಲಿಯ ಕೊನೆಗೆ ಒಂದು ಟಾಕೀಸಿತ್ತು. ಅದರ ಹಿಂಗೋಡೆಯ ಮೇಲ್ಭಾಗದಲ್ಲಿ ಗಾಳಿ ಹೋಗಲು ಕಿಂಡಿಗಳಿದ್ದವು. ಹೊಸ ಚಿತ್ರ ಬಂದಿತೆಂದರೆ ಮ್ಯಾಟಿನಿ ಹೊತ್ತಿಗೆ ಚಾಚಾ ಆ ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದರು. ಕ್ಯಾಸೆಟ್ಟು ಅಂಗಡಿಗೆ ಬರುವ ಮೊದಲೇ ಆ ಹಾಡು ಅವರ ಬ್ಯಾಂಡಿನಲ್ಲಿ ಬಂದಿರುತ್ತಿತ್ತು. ಒಳಗೆ ಹೋಗಿ ಕೂತು ಕೇಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ.

"ಒಳಗ ಹೋದ್ರ ಕಣ್ಣು ಕೆಲಸ ಮಾಡ್ತಾವ ಬೇಟಿ, ಕಿವಿ ನಿದ್ದಿ ಹೊಡಿತಾವ" ಅಂದರು. ಎಂಥ ಶಾಣ್ಯಾ ಮಾತು ಅಂತ ಆಗ ಅನ್ನಿಸಿತ್ತು.

ಹೀಗಿರುವಾಗ ಆ ಟಾಕೀಸಿಗೆ ಆಕಾಶದಲ್ಲಿ ಹಡಗುಗಳು ಹಾರಾಡುವ ಒಂದು ಇಂಗ್ಲಿಷ್ ಚಿತ್ರ ಬಂತು. ಚುಕ್ಕಿಯಿಂದ ಚುಕ್ಕಿಗೆ ಹಾರುವುದು, ಬೆಂಕಿ ಉಗುಳುವ ಬಂದೂಕು, ಪೋಸ್ಟರಿನ ತುಂಬ ಕಪ್ಪು ಆಕಾಶ. ಹಾಡೊಂದೂ ಇಲ್ಲದ ಚಿತ್ರದಿಂದ ಬ್ಯಾಂಡಿನವರಿಗೆ ಏನು ಗಿಟ್ಟೀತು? ಆದರೂ ಚಾಚಾ ಅಭ್ಯಾಸಬಲದಿಂದ ಹೋಗಿ ಕೂತರು. ಸಂಜೆ ಬಂದವರ ಮುಖವೇ ಬೇರೆ ಆಗಿತ್ತು. ಅಲ್ಲಿ ಒಬ್ಬರಲ್ಲ ಇಬ್ಬರಲ್ಲ, ಒಂದು ಸಂತೆಯಷ್ಟು ಮಂದಿ ಕೂಡಿ ಬಾರಿಸುತ್ತಾರೆ, ಆದರೂ ಒಬ್ಬನೇ ಉಸಿರು ಬಿಟ್ಟಂತೆ ಕೇಳುತ್ತದೆ ಅಂತ ನಮ್ಮ ಅಜ್ಜಿಯ ಮುಂದೆ ಹೇಳಿದರು. ಅಜ್ಜಿ ಮೆಂತ್ಯೆಪಲ್ಲೆ ಬಿಡಿಸುತ್ತಾ ಹೂಂ ಅಂದಳು.

ಅದರಲ್ಲೂ ಚಿತ್ರದ ಕೊನೆಗೆ ಬರುತ್ತಿದ್ದ ಒಂದು ಧಾಟಿ ಅವರನ್ನು ಹಿಡಿದುಬಿಟ್ಟಿತು. ಮೊದಲು ಪಿಟೀಲುಗಳು ಕೆಳಗಿನಿಂದ ಸಾವಕಾಶ ಏಳುತ್ತವೆ. ಅವುಗಳ ಬೆನ್ನಿಗೆ ದೊಡ್ಡ ಬಾಜಾಗಳು. ಆಮೇಲೆ ಎಲ್ಲ ವಾದ್ಯಗಳೂ ನಿಂತು, ಬರೀ ಮನುಷ್ಯರ ದನಿ, ಮಾತಿಲ್ಲದೆ "ಆ…" ಎಂದು ಎದ್ದು ಬರುತ್ತದೆ. ಆ ಚಿತ್ರ ಎತ್ತಂಗಡಿ ಆಗುವವರೆಗೂ ಚಾಚಾ ಗೋಡೆ ಬಿಡಲಿಲ್ಲ. ಒಂದು ದಿನ ಬರೀ ಪಿಟೀಲು ಕೇಳುವುದು, ಇನ್ನೊಂದು ದಿನ ಬರೀ ನಗಾರಿ. ಮನೆಗೆ ಬಂದು ತಮ್ಮ ಮಂದಿಗೆ ಬಾಯಿಂದಲೇ ತಾ ರಾ ರಾ ಎಂದು ಕಲಿಸಿದರು. ಪಿಟೀಲಿನ ಕೆಲಸ ಕ್ಲಾರಿನೆಟ್ಟಿಗೆ, ನಗಾರಿಯ ಕೆಲಸ ಡೋಲಿಗೆ. "ಆ…" ಬಂದಾಗ ಎಲ್ಲರೂ ವಾದ್ಯ ಕೆಳಗಿಳಿಸಿ ಬಾಯಿಬಿಟ್ಟು ಹಾಡಬೇಕು. ಎಲೆಅಡಿಕೆ ತುಂಬಿದ ಆ ಬಾಯಿಗಳು ಒಟ್ಟಿಗೆ ತೆರೆಯುವುದನ್ನು ನೋಡಿ ನಾವು ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದೇವೆ. ಕೇಳುತ್ತಾ ಕೇಳುತ್ತಾ ನಗು ತಾನೇ ನಿಲ್ಲುತ್ತಿತ್ತು.

ವರ ಹಣಮಪ್ಪನ ಗುಡಿಯಿಂದ ಕುದುರೆ ಏರಿ ಬಂದು, ಮಂಟಪದ ಮುಂದೆ ಇಳಿಯುವ ಗಳಿಗೆಗೆ ಚಾಚಾ ಈ ಧಾಟಿ ಎತ್ತುತ್ತಿದ್ದರು. ನಮ್ಮ ಅಣ್ಣನ ಮದುವೆಯಲ್ಲಿ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದೇನೋ ಮಾಸ್ತರ, ಮದುವಿ ಬಾಜಾ ಕೇಳಿದ್ರ ಅಳು ಬರಾಕತ್ತದಲ್ಲೋ" ಅಂದಳು.

"ರಾಜಾ ಬರಾಕತ್ತಾನ ಅವ್ವಾ, ರಾಜಾ! ಭಾಳ ದೂರಿಂದ ಬರಾಕತ್ತಾನ, ಅದಕ್ಕ ಸಾವಕಾಶ ಅದ" ಅಂದರು ಚಾಚಾ.

ಗೋಡೆಯಾಚೆ ಅವರು ಕಂಡಿದ್ದು ಅದನ್ನೇ. ಚುಕ್ಕಿಗಳ ನಡುವಿನಿಂದ ಒಬ್ಬ ರಾಜ ತನ್ನ ಮದುವೆಗೆ ಬರುತ್ತಿದ್ದಾನೆ… ಆದರೆ ಆ ಧಾಟಿಯನ್ನು ಪೂರ್ತಿ ಬಾರಿಸಲು ಯಾರೂ ಬಿಡುತ್ತಿರಲಿಲ್ಲ. "ಆ…" ಶುರುವಾಗುವ ಹೊತ್ತಿಗೆ ವರನ ಕಡೆಯ ಯಾವನಾದರೂ ಕಾಕಾ ನುಗ್ಗಿ, ಕುಣಿಯುವ ಹಾಡು ಹಾಕ್ರಿ ಎಂದು ಗದರುತ್ತಿದ್ದ. ಚಾಚಾ ಹಲ್ಲು ಕಚ್ಚಿ ಧಾಟಿ ಮುರಿಯುತ್ತಿದ್ದರು. ಮರುದಿನ ಕಟ್ಟೆಯ ಮೇಲೆ ನನ್ನ ಮುಂದೆ ಆ ಸಿಟ್ಟು ಹೊರಬರುತ್ತಿತ್ತು. "ನಿನ್ನ ಶಾದಿದಾಗ ಪೂರಾ ಬಾರಿಸ್ತೀನಿ ಬೇಟಿ. ಯಾವ ಕಾಕಾ ಅಡ್ಡ ಬರ್ತಾನ ನೋಡೇಬಿಡ್ತೀನಿ!" ಅವರ ಇಡೀ ಬಾಳಿನ ಆಸೆ ಅದೊಂದೇ ಅನ್ನುವಷ್ಟು ಸಲ ಈ ಮಾತು ಕೇಳಿದ್ದೇನೆ.

ನಾನು ಎಂ.ಎ. ಓದುವಾಗ, ಕುಸನೂರಿನಲ್ಲಿ ಗೆಳತಿಯರ ಬಾಡಿಗೆ ಕೋಣೆಯಲ್ಲಿ ಒಂದು ಮಧ್ಯಾಹ್ನ ಕಂಪ್ಯೂಟರಿಗೆ ಸಿ.ಡಿ. ಹಾಕಿ ಆ ಚಿತ್ರ ನೋಡಿದೆವು. ಕೊನೆಗೆ ನನಗೆ ಬಾಯಿಪಾಠವಾಗಿದ್ದ ಆ ಧಾಟಿ ಬಂತು. ರಾಜನೂ ಇಲ್ಲ, ಮದುವೆಯೂ ಇಲ್ಲ. ಹಡಗಿನ ಮುದಿ ಕಪ್ತಾನ ತೀರಿಕೊಂಡಿದ್ದಾನೆ. ಅವನನ್ನು ಒಂದು ಪುಟ್ಟ ದೋಣಿಯಂಥದ್ದರಲ್ಲಿ ಮಲಗಿಸಿ ಕತ್ತಲಿಗೆ ತೇಲಿಬಿಡುತ್ತಿದ್ದಾರೆ. ಪಕ್ಕದ ಗೆಳತಿ ಕಣ್ಣೀರು ಒರೆಸಿಕೊಳ್ಳುತ್ತಿದ್ದರೆ ನನಗೆ ತಡೆಯಲಾರದ ನಗು. ನಮ್ಮ ಅಣ್ಣ, ಕಿರಾಣಿ ಅಂಗಡಿಯವರ ಮಗ, ಮೂಲೆಮನೆ ಟೇಲರು, ಶಹಾಬಜಾರದ ಅರ್ಧ ಗಂಡಸರು ಹೆಣ ಕಳಿಸುವ ಬಾಜಾಕ್ಕೆ ಹೆಜ್ಜೆ ಹಾಕಿ ಮಂಟಪ ಏರಿದ್ದರು!

ಆ ಹೊತ್ತಿಗೆ ಕಮಲಾಪುರದ ಮನೆತನದೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಂದೇ ಸಂಜೆ ಚಾಚಾಗೆ ಹೇಳಿದೆ. ಇಬ್ಬರೂ ಕೂಡಿ ನಗುತ್ತೇವೆ ಅಂದುಕೊಂಡಿದ್ದೆ. ಅವರು ಮೊದಲು ಸಿಟ್ಟಾದರು. "ಎಷ್ಟು ಮಂದಿ ಸತ್ತಾಗ ಮಣ್ಣಿಗಿ ಬಾರಿಸಾಕ ಹೋಗೀನಿ ನಾ! ಮಣ್ಣಿನ ಬಾಜಾ ಯಾವುದು ಅಂತ ನನಗ ತಿಳಿಯಂಗಿಲ್ಲೇನು?" ಆಮೇಲೆ ಉಜ್ಜುವ ಬಟ್ಟೆ ಕೆಳಗಿಟ್ಟರು. "ನಾ ಬಾರಿಸಿದ ಜೋಡಿ ಎಲ್ಲಾ ಚಂದ ಅದಾವಿಲ್ಲೋ ಬೇಟಿ?" ಅಂದರು.

ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಮರುದಿನದಿಂದ ಚಾಚಾ ಮನೆಮನೆ ತಿರುಗತೊಡಗಿದರು. ಆ ಧಾಟಿ ಬಾರಿಸಿದ್ದ ಮದುವೆಗಳನ್ನು ನೆನಪು ಮಾಡಿಕೊಂಡು ಒಬ್ಬೊಬ್ಬರ ಬಾಗಿಲಿಗೆ ಹೋಗಿ, ಗಂಡಹೆಂಡತಿ ಆರಾಮ ಇದ್ದೀರಾ ಎಂದು ವಿಚಾರಿಸುವುದು. ಚಹಾ ಕುಡಿದು ಬರುವುದು. ಯಾಕೆಂದು ಯಾರಿಗೂ ತಿಳಿಯದು. ಟೇಲರನ ಹೆಂಡತಿ ಅಂತೂ ರೇಗಿಬಿಟ್ಟಳು. "ಏನಾಗ್ಯಾದ್ರೀ ನಮಗ? ದಿನಾ ಜಗಳಾಡ್ತೀವಿ, ಚಂದ ಅದೀವಿ!" ಈ ಉತ್ತರ ಚಾಚಾಗೆ ಬಹಳ ಹಿಡಿಸಿತು. ಎಲ್ಲ ಮನೆಗಳಲ್ಲೂ ಜಗಳ ನಡೆದಿದೆ, ಅಂದರೆ ಎಲ್ಲರೂ ಚೆನ್ನಾಗಿದ್ದಾರೆ ಅಂತ ನನಗೆ ಬಂದು ಹೇಳಿದರು. ಎದೆಯ ಭಾರ ಇಳಿಯಿತು ಅಂತ ನಾನು ಹಿಗ್ಗಿದೆ. ಹಾಗಾದರೆ ನನ್ನ ಮದುವೆಗೆ ಆ ಧಾಟಿ ಬಾರಿಸುತ್ತೀರಲ್ಲ ಅಂದೆ.

"ಇಲ್ಲ ಬೇಟಿ. ಗೊತ್ತಿಲ್ಲದ ಬಾರಿಸೋದು ಬ್ಯಾರೆ, ಗೊತ್ತಿದ್ದು ಬಾರಿಸೋದು ಬ್ಯಾರೆ. ನೀ ನನ್ನ ಕಟ್ಟಿಮ್ಯಾಲ ಬೆಳೆದಾಕಿ."

ನಾನು ಗೋಗರೆದೆ, ಮುನಿಸಿಕೊಂಡೆ. ಅವರು ಜಗ್ಗಲಿಲ್ಲ. ಬೇಡದ ಮಾತು ಹೇಳಿ ನಾನೇ ಕೈಯಾರೆ ಅವರ ಆಸೆ ಕೆಡಿಸಿದೆನಲ್ಲ ಅಂತ ನನಗೆ ಬಹಳ ಸಂಕಟವಾಯಿತು.

ಮದುವೆ ಕಮಲಾಪುರದಲ್ಲಿ, ವರನ ಮನೆಯ ಮುಂದಿನ ಚಪ್ಪರದಲ್ಲಿ. ವರ ಕುದುರೆ ಇಳಿದಾಗ ಚಾಚಾ ಯಾವುದೋ ಹಿಂದಿ ಚಿತ್ರದ ಹಾಡು ಬಾರಿಸಿದರು. ಅಕ್ಷತೆಯ ಅಕ್ಕಿಕಾಳು ಬಿತ್ತು, ಊಟವಾಯಿತು. ಇಳಿಹೊತ್ತಿಗೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಅಪ್ಪ ನನ್ನ ಕೈಯನ್ನು ಅತ್ತೆಯ ಕೈಯಲ್ಲಿಟ್ಟ. ನಮ್ಮವರು ಒಬ್ಬೊಬ್ಬರೇ ಜೀಪು ಹತ್ತತೊಡಗಿದರು. ಅವ್ವ ನನ್ನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಆಗ ಹಿಂದಿನಿಂದ ಕ್ಲಾರಿನೆಟ್ಟು ಕೆಳಗಿನಿಂದ ಸಾವಕಾಶ ಎದ್ದಿತು…

ತಿರುಗಿ ನೋಡಿದೆ. ಚಾಚಾ ಕಣ್ಣುಮುಚ್ಚಿ ಟ್ರಂಪೆಟ್ಟು ತುಟಿಗೆ ಹಚ್ಚಿದ್ದರು. ಅವರ ಪಕ್ಕದಲ್ಲಿ ನಮ್ಮ ಅಜ್ಜಿ. ಇದು ಅಜ್ಜಿಯದೇ ಕಿತಾಪತಿ ಎಂದು ಆಮೇಲೆ ಗೊತ್ತಾಯಿತು. ಊಟದ ಪಂಕ್ತಿಯಲ್ಲಿ ಸಪ್ಪಗೆ ಕೂತಿದ್ದ ಚಾಚಾರನ್ನು ಕರೆದು, "ಹೆಣ್ಣ ಬಿಟ್ಟು ಹೋಗೋ ಹೊತ್ತಿನ್ಯಾಗ ಬಾರಿಸೋ. ಆವಾಗ ಹ್ಯಾಂಗೂ ಎಲ್ಲಾರೂ ಅಳ್ತಾರ, ಯಾರು ಕೇಳ್ತಾರ ನಿನ್ನ?" ಅಂದಿದ್ದಳಂತೆ. ಕುಣಿಯುವ ಹಾಡು ಬೇಕೆಂದು ಯಾವ ಕಾಕಾನೂ ನುಗ್ಗಲಿಲ್ಲ. ಡೋಲು ನಿಂತಿತು, ವಾದ್ಯಗಳು ಕೆಳಗಿಳಿದವು. ಆ ಎಲೆಅಡಿಕೆ ಬಾಯಿಗಳು ತೆರೆದು "ಆ…" ಎಂದು ಎತ್ತಿದವು. ಜೀಪು ಹೊರಟಿತು. ಕಮಲಾಪುರದ ಮಂದಿ ಮಾತು ಬಿಟ್ಟು ನಿಂತು ಕೇಳಿದರು. ಮೊದಲ ಸಲ, ಕಡೆಯ ಸ್ವರದವರೆಗೂ. ಮುಗಿದ ಮೇಲೆ ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, ಬ್ಯಾಂಡಿನವರ ಟೆಂಪೋ ಹತ್ತಿದರು.

ಆಮೇಲೆ ಕಮಲಾಪುರದಲ್ಲಿ ಹೆಣ್ಣು ಒಪ್ಪಿಸುವಾಗೆಲ್ಲ ಜನ ಆ ಧಾಟಿಯೇ ಬೇಕೆನ್ನತೊಡಗಿದರು. ಅದು ಆಕಾಶದ ಹಡಗಿನದೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಒಮ್ಮೆ ಹೇಳಿ ಸಾಕಾಗಿತ್ತು.

ಚಾಚಾ ತೀರಿಕೊಂಡ ಸುದ್ದಿ ಬಂದಾಗ ಶಹಾಬಜಾರಕ್ಕೆ ಓಡಿದೆ. ನಮ್ಮಲ್ಲಿ ಸತ್ತವರನ್ನು ಬಾಜಾ ಭಜನೆಯೊಂದಿಗೆ ಕಳಿಸುತ್ತೇವೆ. ಚಾಚಾ ಮುಸಲ್ಮಾನರು, ಅವರಲ್ಲಿ ಹೆಣ ಒಯ್ಯುವ ಮಯ್ಯತ್ತಿಗೆ ಬಾಜಾ ಇಲ್ಲ. ಬ್ಯಾಂಡಿನವರೆಲ್ಲ ಬಂದಿದ್ದರು, ಕೈ ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಆತು ನಿಂತಿದ್ದರು. ಇಡೀ ಊರಿಗೆ ಬಾಜಾ ಬಾರಿಸಿದವರು ತಮ್ಮ ಅದೇ ಕಟ್ಟೆಯ ಮುಂದಿನಿಂದ, ಬರೀ ಮಂದಿಯ ಹೆಜ್ಜೆ ಸಪ್ಪಳದಲ್ಲಿ ಹೋದರು. ಅದು ಅವರ ಪದ್ಧತಿ, ತಪ್ಪೇನಿಲ್ಲ. ಆದರೂ ಆ ಮೌನ ನನ್ನ ಎದೆಯಲ್ಲಿ ಹಾಗೇ ಕೂತುಬಿಟ್ಟಿತು…

ಮೊನ್ನೆ ಆ ದೀಪ ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಮೈದುನನ ಮಗಳನ್ನು ಒಪ್ಪಿಸುವಾಗ ಬ್ಯಾಂಡಿನವರು ಆ ಧಾಟಿ ಎತ್ತಿದರು. ಹೊಸ ಹುಡುಗರು, ಯಾರ ಗುರುತೂ ಇಲ್ಲ. ಎಲ್ಲ ಸರಿಯಾಗೇ ಬಂತು. ಡೋಲು ನಿಂತಿತು. ನಾನು ಕಾದೆ. ಅವರು "ಆ…" ಎತ್ತಲೇ ಇಲ್ಲ, ಅದನ್ನು ಬಿಟ್ಟು ನೇರವಾಗಿ ಮುಂದಿನದಕ್ಕೆ ಹೋಗುವುದರಲ್ಲಿದ್ದರು. ಅವರಿಗೆ ಅದನ್ನು ಹೇಳಿಕೊಡಲು ಯಾರಿದ್ದರು?

ಹೆಂಗಸರ ನಡುವೆ ನಿಂತಿದ್ದ ನಾನು ಬಾಯಿ ತೆಗೆದೆ. ನನ್ನದು ಹಾಡುವ ಕಂಠವಲ್ಲ. ಆದರೂ ಎತ್ತಿದೆ. ಕ್ಲಾರಿನೆಟ್ಟಿನವನು ವಾದ್ಯ ಕೆಳಗಿಳಿಸಿ ನನ್ನತ್ತ ನೋಡಿದ. ಓರಗಿತ್ತಿ ನಾನು ಅಳುತ್ತಿದ್ದೇನೆಂದು ತಿಳಿದು, "ಸುಮ್ಕಿರಕ್ಕ, ಹುಡುಗಿ ಇಲ್ಲೇ ಕಲಬುರಗಿಗಿ ಹೊಂಟಾಳ" ಎಂದು ಬೆನ್ನು ಸವರಿದಳು. ಇದು ಹುಡುಗಿಗಾಗಿ ಅಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಶಹಾಬಜಾರದ ಗಲ್ಲಿಯಲ್ಲಿ ಅಂದು ಬಾಜಾ ಇಲ್ಲದೆ ಹೋದವರನ್ನು ನಾನು ಕಳಿಸಿಕೊಡುತ್ತಿದ್ದೆ, ಕಡೆಯ ಸ್ವರದವರೆಗೂ.